ಹಳದಿ ಬುರುಡೆಗೆ ಕಟ್ಟಿದ ಬೋಟು

ಗಂಟಣ್ಣ ಆ ಹೆಂಗಸನ್ನು ಮೊದಲು ನೋಡಿದ್ದು ಮೀನುಬಂದರಿನ ಕಟ್ಟೆಯ ಮೇಲೆ ಹರಿದ ಬಲೆ ಹೊಲಿಯುತ್ತ ಕೂತಿದ್ದಾಗ. ಬೆಳಗಿನ ವ್ಯಾಪಾರ ಮುಗಿದಿತ್ತು. ಕಟ್ಟೆಗೆ ನೀರು ಹೊಡೆದು ತೊಳೆದಿದ್ದರೂ ಕಲ್ಲಿನ ಸಂದುಗಳಲ್ಲಿ ಮೀನಿನ ಹುರುಪೆ ಇನ್ನೂ ಮಿರುಗುತ್ತಿತ್ತು. ಅವಳು ಮಾಸಿದ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟಿದ್ದಳು. ಮೊಣಕೈ ಹತ್ತಿರ ಗ್ರೀಸಿನ ಕಲೆ, ಕಾಲಲ್ಲಿ ಗಂಡಸರ ಬೂಟು. ಐಸ್ ಪೆಟ್ಟಿಗೆಗಳ ನಡುವೆ ದಾರಿ ಮಾಡಿಕೊಂಡು ನೇರ ಅವನ ಮುಂದೆ ಬಂದು ನಿಂತವಳು ಕೈಚೀಲದಿಂದ ಒಂದು ಹಗ್ಗದ ತುಂಡು ತೆಗೆದು ಬಲೆಯ ಮೇಲಿಟ್ಟಳು. ಹೆಬ್ಬೆರಳ ಗಾತ್ರದ ನೀಲಿ ನೈಲಾನ್ ಹಗ್ಗ. ನಡುವೆ ಒಂದು ಗಂಟು, ಗಂಟಿನ ಎರಡೂ ಕಡೆ ಚಾಕುವಿನಿಂದ ಕೊಯ್ದ ಗುರುತು.

“ಅಣ್ಣಾ, ಇದು ನಿಮ್ಮದಂತೆ. ಕೊಟ್ಟು ಹೋಗೋಣ ಅಂತ ಬಂದೆ.”

“ನಂದಲ್ಲ,” ಎಂದ ಗಂಟಣ್ಣ, ಬಲೆಯಿಂದ ಕಣ್ಣೆತ್ತದೆ.

“ಬಿಚ್ಚೋಕೆ ನಮ್ಮ ಬೋಟಿನವರೆಲ್ಲ ಒದ್ದಾಡಿದ್ರು. ಆಗದೆ ಕೊಯ್ದ್ವಿ. ಇಂಥಾ ಗಂಟು ಹಾಕೋರು ಇಲ್ಲಿ ಯಾರಿದಾರೆ ಅಂತ ಗೇಟಲ್ಲಿ ಕೇಳಿದೆ. ಎಲ್ಲರೂ ಈ ಕಡೆನೇ ಕೈ ತೋರಿಸಿದ್ರು.”

“ಹಗ್ಗ ಅಂದ್ಮೇಲೆ ಗಂಟು ಇರುತ್ತೆ. ಲೋಕದಲ್ಲಿ ನಾನೊಬ್ನೇನಾ ಗಂಟು ಹಾಕೋನು?”

ಪಕ್ಕದಲ್ಲಿ ಬುಟ್ಟಿ ತೊಳೆಯುತ್ತಿದ್ದ ಅವನ ಹೆಂಡತಿ ಕತ್ತು ಚಾಚಿ ನೋಡಿದಳು. “ಅಯ್ಯೋ, ಇದು ನಮ್ಮನೆ ಗಂಟೇ ಕಣ್ರೀ! ಬಟ್ಟೆ ಒಣಗಿಸೋ ಹಗ್ಗಕ್ಕೂ ಇದೇ, ಅಕ್ಕಿ ಮೂಟೆಗೂ ಇದೇ. ಬಿಚ್ಚಿ ಬಿಚ್ಚಿ ನನ್ನ ಉಗುರೆಲ್ಲ ಹೋಯ್ತು.”

ಕಟ್ಟೆಯ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಗಂಟಣ್ಣ ಹೆಂಡತಿಯನ್ನು ದುರುಗುಟ್ಟಿ ನೋಡಿದ. ಅವಳು ಏನೂ ಆಗದವಳಂತೆ ಮತ್ತೆ ಬುಟ್ಟಿಗೆ ಕೈಹಾಕಿದಳು.

ಗಂಟಣ್ಣ ಎಂಬುದು ಬಂದರು ಇಟ್ಟ ಹೆಸರು. ಹುಟ್ಟಿದಾಗ ಇಟ್ಟ ಹೆಸರು ಬೋಟಿನ ಲೈಸೆನ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಉಳಿದಿರಲಿಲ್ಲ. ಅಪ್ಪ ಬೇಗ ತೀರಿಕೊಂಡಿದ್ದರಿಂದ ಸೋದರಮಾವನ ಬೋಟಿನಲ್ಲಿ ಕೆಲಸ ಕಲಿತವನು. ಹರೆಯದಲ್ಲೊಮ್ಮೆ ಅವನು ಕಟ್ಟಿದ ಹಗ್ಗ ಜಾರಿ ಮಾವನ ಬೋಟು ಕಲ್ಲಿಗೆ ಬಡಿದು ಸೀಳಿತ್ತು. ಮಾವ ಬೈಯಲಿಲ್ಲ; ಊಟಕ್ಕೆ ಕೂತಾಗ ಮುಖ ತಿರುಗಿಸಿಕೊಂಡ, ಅಷ್ಟೆ. ಅದು ಬೈಗುಳಕ್ಕಿಂತ ಹೆಚ್ಚು ನಾಟಿತು. ಈ ಗಂಟು ಅವನು ಕಲಿತದ್ದು ಅದರ ನಂತರ. ಮುಂದೆ ಸ್ವಂತ ಬೋಟು ಮಾಡಿದ. ತಮ್ಮನನ್ನು ಓದಿಸಲು ನೋಡಿದ. ಅವನು ಪುಸ್ತಕ ಮೂಲೆಗೆಸೆದು ಸಮುದ್ರಕ್ಕೇ ಬಂದಾಗ ಅವನಿಗೂ ಕೆಲಸ ಕಲಿಸಿದ. ಕೈ ಗಟ್ಟಿ, ಮಾತು ಖಡಕ್ಕು. ತಪ್ಪು ಒಪ್ಪಿಕೊಳ್ಳುವುದೆಂದರೆ ಮಾತ್ರ ಹಲ್ಲು ಕೀಳಿಸಿಕೊಂಡ ಹಾಗೆ.

ಆ ಹಗ್ಗ ಸಿಕ್ಕಿದ್ದು ಹಳದಿ ಬುರುಡೆಯಲ್ಲಿ. ತೀರ ಕಾಣದಷ್ಟು ದೂರದಲ್ಲಿ, ಸಮುದ್ರದ ತಳಕ್ಕೆ ಲಂಗರು ಹಾಕಿ ಹವಾಮಾನದವರು ತೇಲಿಬಿಟ್ಟಿದ್ದ, ನೆತ್ತಿಯ ಮೇಲೆ ಕಂಬವಿದ್ದ ದುಂಡನೆಯ ಯಂತ್ರ ಅದು. ಗಾಳಿ, ಅಲೆಯ ಎತ್ತರ, ನೀರಿನ ಬಿಸಿ ಅಳೆದು ತಾಸಿಗೊಮ್ಮೆ ಉಪಗ್ರಹದ ಮೂಲಕ ಆಫೀಸಿಗೆ ಕಳಿಸುತ್ತಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ಆ ಹೆಂಗಸಿನದು. ಬಂದರಿನವರ ಬಾಯಲ್ಲಿ ಅವಳು ಬುರುಡೆ ಮೇಡಂ. ಬೆನ್ನ ಹಿಂದೆ “ಮೇಡಂ ಇವತ್ತು ಬುರುಡೆ ಬಿಡೋಕೆ ಹೊರಟ್ರು” ಎಂದು ನಗುವವರೂ ಇದ್ದರು. ಬುರುಡೆಯ ಅಡಿಯಲ್ಲಿ ಪಾಚಿ, ಚಿಪ್ಪು ಬೆಳೆದು ಮೀನು ಮುತ್ತುತ್ತವೆ. ಬೋಟನ್ನು ಅದಕ್ಕೇ ಕಟ್ಟಿದರೆ ಎಂಜಿನ್ ಆರಿಸಿ ಕಾಲು ಚಾಚಿ ಕೂತು ಮೀನು ಹಿಡಿಯಬಹುದು. ಕಟ್ಟಬಾರದೆಂದು ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು. ಕಟ್ಟುವವರು ಅದನ್ನು ಓದಿಯೇ ಕಟ್ಟುತ್ತಿದ್ದರು.

“ಕಟ್ಟಿದ್ರೆ ಸವೆದು ಹೋಗುತ್ತಾ ಅದು?” ಎಂದು ಗಂಟಣ್ಣ ಕೊನೆಗೆ ಕೇಳಿದ. ಒಪ್ಪಿಕೊಂಡ ಹಾಗೂ ಆಗಬಾರದು, ಸೋತ ಹಾಗೂ ಆಗಬಾರದು.

“ಸವೆಯೋ ಮಾತಲ್ಲ ಅಣ್ಣ. ಅಲೆ ಎಷ್ಟು ಎತ್ತುತ್ತೋ ಅಷ್ಟು ಏಳ್ಬೇಕು, ಅಷ್ಟೇ ಇಳೀಬೇಕು. ಹಾಗೆ ಎದ್ದು ಇಳಿದೇ ಅದು ಲೆಕ್ಕ ಹಾಕೋದು. ನಿಮ್ಮ ಬೋಟು ಎಳೆದು ಹಿಡಿದ್ರೆ ಅದು ವಾಲುತ್ತೆ, ಸರಿಯಾಗಿ ಏಳಲ್ಲ. ಆಳೆತ್ತರದ ಅಲೆ ಬಂದ್ರೂ ಸಮುದ್ರ ತಣ್ಣಗಿದೆ ಅಂತ ಆಫೀಸಿಗೆ ಹೇಳುತ್ತೆ. ಆಫೀಸು ಅದನ್ನೇ ನಿಮಗೆ ಹೇಳುತ್ತೆ.”

“ಸರಿ ಬಿಡಿ ಮೇಡಂ. ಇನ್ಮೇಲೆ ಆ ಕಡೆ ತಲೆ ಹಾಕಿಯೂ ಮಲಗಲ್ಲ,” ಎಂದ. ಬಂದರಿನವರೆಲ್ಲರ ಮುಂದೆ ಕೊಟ್ಟ ಮಾತು.

ಆ ಮಾತು ಒಂದು ಹಂಗಾಮಿನವರೆಗೆ ನಿಂತಿತು. ಆಮೇಲೆ ಬಲೆ ಬರಿದಾಗಿ ಬರುವ ದಿನಗಳು ಶುರುವಾದವು. ಒಂದು ಬೆಳಗ್ಗೆ ಬುರುಡೆಯ ಪಕ್ಕದಲ್ಲೇ ಹೋಗುವಾಗ ಅದರ ಅಡಿಯಲ್ಲಿ ಮೀನಿನ ಹಿಂಡು ಕಪ್ಪಾಗಿ ಕಂಡಿತು. ಸ್ವಲ್ಪ ಹೊತ್ತು ತಾನೇ ಎಂದುಕೊಂಡು ಹಗ್ಗ ಎಸೆದ.

ಅಂದು ಆಕಾಶದಲ್ಲಿ ಮೋಡದ ಚೂರೂ ಇರಲಿಲ್ಲ. ಗಾಳಿಯಿಲ್ಲದೆ ಬೋಟಿನ ಬಾವುಟ ಒದ್ದೆ ಬಟ್ಟೆಯಂತೆ ಜೋತುಬಿದ್ದಿತ್ತು. ನಡುಮಧ್ಯಾಹ್ನದ ಹೊತ್ತಿಗೆ ಬೋಟು ನಿಧಾನವಾಗಿ ಮೇಲೆದ್ದು ನಿಧಾನವಾಗಿ ಇಳಿಯತೊಡಗಿತು. ನೊರೆಯಿಲ್ಲ, ಸದ್ದಿಲ್ಲ, ಗುಡ್ಡದಂಥ ಅಲೆಗಳು ದಕ್ಷಿಣದಿಂದ ಒಂದರ ಹಿಂದೊಂದು ಸಾಲಾಗಿ ಬರುತ್ತಿದ್ದವು. ಗಂಟಣ್ಣನಿಗೆ ಅವುಗಳ ಪರಿಚಯವಿತ್ತು. ದಕ್ಷಿಣದಲ್ಲಿ ಎಲ್ಲೋ ದಿನಗಳ ಹಿಂದೆ ಎದ್ದ ಬಿರುಗಾಳಿ ಸತ್ತರೂ ಅದು ಅಟ್ಟಿದ ಅಲೆ ಸಾಯುವುದಿಲ್ಲ. ಆಳದ ನೀರಿನಲ್ಲಿ ಅದು ಬೋಟನ್ನು ತೊಟ್ಟಿಲಂತೆ ತೂಗಿ ಮುಂದೆ ಹೋಗುತ್ತದೆ, ಅಷ್ಟೆ. ಬಂದರಿನ ಬಾಯಿಯ ಮರಳದಿಬ್ಬ ಮುಟ್ಟಿದಾಗಲೇ ಅದು ಎದ್ದು ನಿಂತು ಒಡೆಯುವುದು. ಇನ್ನೊಂದು ತಾಸಿನಲ್ಲಿ ಅಲ್ಲಿಗೆ ಮುಟ್ಟುತ್ತದೆ.

ಅಷ್ಟರಲ್ಲಿ ಕ್ಯಾಬಿನ್ನಿನ ವೈರ್‌ಲೆಸ್ಸಿನಲ್ಲಿ ಬಂದರಿನ ಆಫೀಸಿನವರು ಮಧ್ಯಾಹ್ನದ ಬುಲೆಟಿನ್ ಓದಿದರು. ಗಾಳಿ ಮಂದ, ಅಲೆ ಒಂದು ಮೀಟರಿಗಿಂತ ಕಡಿಮೆ, ಸಣ್ಣ ದೋಣಿಗಳು ಹೋಗಬಹುದು. ಓದುತ್ತಿರುವಾಗಲೇ ಬೋಟು ಏರಿ, ಚಹಾದ ಲೋಟ ಹಲಗೆಯ ಮೇಲಿಂದ ಜಾರಿ ಬಿತ್ತು. ಗಂಟಣ್ಣ ಕಿಟಕಿಯಿಂದ ನೋಡಿದ. ಹಗ್ಗ ಬಿಗಿದು ನಿಂತಿತ್ತು. ಬುರುಡೆ ಒಂದು ಪಕ್ಕಕ್ಕೆ ವಾಲಿ, ಅಲೆ ಮೇಲೆ ಹಾದುಹೋದರೂ ಏಳಲಾರದೆ ನೀರಿನಲ್ಲಿ ಅರ್ಧ ಮುಳುಗಿ ಒದ್ದಾಡುತ್ತಿತ್ತು.

ಚಾಕು ತೆಗೆದುಕೊಂಡು ಓಡಿ ಹಗ್ಗ ಕೊಯ್ದ. ಮುಂದಿನ ತಾಸಿಗೆ ಅದೇ ನಿಜ ಹೇಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡ. ಆಗ ವೈರ್‌ಲೆಸ್ಸಿನಲ್ಲಿ ತಮ್ಮನ ದನಿ ಕೇಳಿತು.

“ಅಣ್ಣಾ, ಕೇಳಿದ್ಯಾ ಬುಲೆಟಿನ್? ಸಮುದ್ರ ಕನ್ನಡಿ ಹಾಗಿದೆಯಂತೆ. ಹೊಸ ದೋಣಿ ಇಳಿಸ್ತಿದೀನಿ. ಉಬ್ಬರದ ನೀರು ಇಳಿಯೋದ್ರೊಳಗೆ ಬಂದರಿನ ಬಾಯಿ ದಾಟಿಬಿಡ್ತೀನಿ. ಹಿಂದೆ ಇನ್ನೂ ನಾಕು ದೋಣಿ ಇದಾವೆ.”

“ಬೇಡ ಕಣೋ. ಇವತ್ತು ಬೇಡ. ದೊಡ್ಡ ಅಲೆ ಬರ್ತಿದೆ.”

“ಎಲ್ಲಿಂದ? ಎಲೆ ಅಲ್ಲಾಡ್ತಿಲ್ಲ ಇಲ್ಲಿ.”

“ದೊಡ್ಡೋನು ಹೇಳಿದ್ರೆ ಕೇಳೋ.”

ತಮ್ಮ ನಕ್ಕ. “ಗೊತ್ತಾಯ್ತು ಬಿಡು. ಒಳ್ಳೆ ಮೀನು ಬಿದ್ದಿರಬೇಕು ನಿಂಗೆ. ನಾನು ಬಂದ್ರೆ ಪಾಲು ಹೋಗುತ್ತೆ ಅಂತ ಹೊಟ್ಟೆಕಿಚ್ಚು.” ಹಿಂದೆ ಎಂಜಿನ್ ಶುರುವಾದ ಸದ್ದು. ಬೇರೆ ಬೋಟಿನವರೂ ಅದೇ ಚಾನೆಲ್ಲಿನಲ್ಲಿ ನಕ್ಕರು.

ಗಂಟಣ್ಣ ಮತ್ತೆ ಮೈಕ್ ಎತ್ತಿಕೊಂಡ. ಬುಲೆಟಿನ್ ಸುಳ್ಳೆಂದರೆ ಯಾಕೆ ಸುಳ್ಳೆಂದು ಹೇಳಬೇಕು. ಇಡೀ ಬಂದರು ಕಿವಿಗೊಟ್ಟು ಕೂತಿರುವ ಚಾನೆಲ್ ಅದು.

“ಲೋ, ನಗಬೇಡ, ಕೇಳು,” ಎಂದ. “ಎಲ್ಲರೂ ಕೇಳಿ. ಬೆಳಗ್ಗೆಯಿಂದ ಹಳದಿ ಬುರುಡೆಗೆ ಬೋಟು ಕಟ್ಟಿದ್ದೆ. ನಾನೇ. ಅದಕ್ಕೇ ಅದು ಅಲೆ ಇಲ್ಲ ಅಂತ ಹೇಳಿದೆ. ಇಲ್ಲಿ ಅಲೆ ನನ್ನ ಕ್ಯಾಬಿನ್ ಮುಚ್ಚುವಷ್ಟಿದೆ. ಒಬ್ಬರೂ ಬಾಯಿ ದಾಟಬೇಡಿ.”

ಮೊದಲು ಯಾರೋ ಹಿರಿಯನ ದನಿ: “ಥೂ ನಿನ್ನ.” ಅದಾದ ಮೇಲೆ ತಮ್ಮ, ತುಂಬ ಸಣ್ಣ ದನಿಯಲ್ಲಿ: “ಎಂಜಿನ್ ಆಫ್ ಮಾಡಿದೆ ಅಣ್ಣ.”

ನೀರು ಇಳಿಯುತ್ತಿದ್ದಂತೆ ಬಂದರಿನ ಬಾಯಿಯಲ್ಲಿ ಅಲೆಗಳು ಮನೆಯೆತ್ತರಕ್ಕೆ ಎದ್ದು ಒಡೆಯತೊಡಗಿದವು. ಹೊರಗಿದ್ದ ಗಂಟಣ್ಣನಿಗೂ ಒಳಗೆ ಬರಲಾಗದೆ ಮರುದಿನದವರೆಗೆ ಆಳದ ನೀರಿನಲ್ಲೇ ಕಾಯಬೇಕಾಯಿತು. ಮರಳಿದಾಗ ಕಟ್ಟೆಯಲ್ಲಿ ಅವನ ಹಗ್ಗ ಹಿಡಿದದ್ದು ಹೆಂಡತಿ ಒಬ್ಬಳೇ. ತಮ್ಮ ದೂರ ನಿಂತು ನೋಡಿದ, ಹತ್ತಿರ ಬರಲಿಲ್ಲ. ಅವನು ಮನೆಗೆ ಬಂದು ಮಾತಾಡಿಸಲು ವಾರ ಹಿಡಿಯಿತು.

ಹಗ್ಗದ ಎಳೆತಕ್ಕೆ ಬುರುಡೆಯ ಕಂಬ ಬಾಗಿಹೋಗಿತ್ತು. ದುರಸ್ತಿಗೆಂದು ಹೊತ್ತೊಯ್ದರು. ಆ ಹಂಗಾಮಿಡೀ ಆ ಭಾಗದ ಸಮುದ್ರಕ್ಕೆ ಕಣ್ಣಿಲ್ಲದಾಯಿತು, ಅದಕ್ಕೆ ಬಂದರು ಗಂಟಣ್ಣನಿಗೆ ಹಿಡಿಶಾಪ ಹಾಕಿತು. ಮೇಡಂ ಬಂದಾಗ ಅವನು ತಾನಾಗಿ ಎದ್ದು ನಿಂತ.

“ಬೈದುಬಿಡಿ ಮೇಡಂ.”

“ಬೈದ್ರೆ ಕಂಬ ನೆಟ್ಟಗಾಗುತ್ತಾ? ಒಂದು ಕೆಲಸ ಮಾಡಿ. ನೀವಿರೋ ಕಡೆ ಅಲೆ ಹೇಗಿದೆ ಅಂತ ಬುಲೆಟಿನ್ನಿಗೆ ಮುಂಚೆ ವೈರ್‌ಲೆಸ್ಸಲ್ಲಿ ಹೇಳಿ.”

“ನಾನು ಹೇಳಿದ್ರೆ ಯಾರು ನಂಬ್ತಾರೆ?”

“ಅವತ್ತು ನಂಬಿದ್ರಲ್ಲ.”

ಮೊದಮೊದಲು ಅವನು ಹೆದರಿಕೆಗೆ ಅಲೆಯನ್ನು ಇದ್ದದ್ದಕ್ಕಿಂತ ದೊಡ್ಡದು ಮಾಡಿ ಹೇಳುತ್ತಿದ್ದ. “ನಮ್ಮ ಹೊಟ್ಟೆ ಮೇಲೆ ಹೊಡೀಬೇಡ ಮಾರಾಯ” ಎಂದು ಸಣ್ಣ ದೋಣಿಯವರು ಜಗಳಕ್ಕೆ ಬಂದರು. ಮೇಡಂ ಅವನ ಬೋಟು ಹತ್ತಿ, ಕ್ಯಾಬಿನ್ನಿನ ಗೋಡೆಗೆ ಅಡಿಗೊಂದು ಗೆರೆ ಎಳೆದು, ಬೋಟು ಅಲೆಯ ತಗ್ಗಿನಲ್ಲಿದ್ದಾಗ ಮುಂದಿನ ಅಲೆಯ ನೆತ್ತಿ ಯಾವ ಗೆರೆಗೆ ಸಮನಾಗಿ ಕಾಣುತ್ತದೆಂದು ನೋಡಿ ಎತ್ತರ ಹೇಳುವುದನ್ನು ಕಲಿಸಿದಳು.

ದುರಸ್ತಿಯಾದ ಬುರುಡೆ ಈಗ ಮರಳಿ ಬಂದಿದೆ. ಅದಕ್ಕೆ ಬೋಟು ಕಟ್ಟುವವರು ಈಗಲೂ ಇದ್ದಾರೆ. ಗಂಟಣ್ಣ ಅದರಿಂದ ಬಹಳ ಪಶ್ಚಿಮಕ್ಕೆ, ಮೀನು ಕಡಿಮೆಯಿರುವ ನೀರಿನಲ್ಲಿ ಬಲೆ ಬೀಸುತ್ತಾನೆ. ದಿನಾ ಮಧ್ಯಾಹ್ನ ಬುಲೆಟಿನ್ನಿಗೆ ಮುಂಚೆ ತಾನಿರುವ ಕಡೆಯ ಅಲೆಯ ಎತ್ತರ ಹೇಳುತ್ತಾನೆ. ಆಫೀಸಿನವರು ಅದನ್ನೂ ಸೇರಿಸಿ ಓದುತ್ತಾರೆ.