ಕಾಗದದಕ್ಕನ ಹನ್ನೊಂದು ದಿನಗಳು

ಬೆಳಗಿನ ಐದೂವರೆ. ಬೀದಿಯ ತುದಿಯಲ್ಲಿ ತಗಡಿನ ಮಾಡಿನ ಪುಟ್ಟ ಕೋಣೆ. ಅದರ ಹೊಸ್ತಿಲ ಬಳಿ ಮಣೆ ಹಾಕಿಕೊಂಡು ಕೂತ ಹೆಂಗಸೊಬ್ಬರು ಎದುರಿಗಿಟ್ಟ ಗಾಜಿನ ಬಾಟಲಿಯನ್ನೇ ನೋಡುತ್ತಿದ್ದಾರೆ. ಕೈಗೆ ರಬ್ಬರಿನ ಗವಸು. ಬಾಟಲಿಯ ನೀರಿನಲ್ಲಿ ಸಣ್ಣಗೆ ಗುಳ್ಳೆ ಏಳುತ್ತಿದೆ, ಮುಚ್ಚಳದೊಳಗೆ ಉಗುರಿನಷ್ಟಗಲದ ಬಿಳಿ ಕಾಗದವಿದೆ. ಇಪ್ಪತ್ತು ನಿಮಿಷ ಕಾಯಬೇಕು. ಅಷ್ಟು ಹೊತ್ತೂ ಅವರು ಯಾರ ಜೊತೆಗೂ ಮಾತಾಡುವುದಿಲ್ಲ. ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಗೋಡೆಗೊರಗಿ ನಿಂತಿದ್ದೇನೆ.

ಹೊತ್ತು ಮುಗಿದ ಮೇಲೆ ಕಾಗದವನ್ನು ಚಿಮಟದಲ್ಲಿ ಹಿಡಿದು ಹೊರಗೆ ತರುತ್ತಾರೆ. ಒಳಗೆ ಬಲ್ಬು ಉರಿಯುತ್ತಿದ್ದರೂ ಅವರಿಗೆ ಅದರ ಮೇಲೆ ನಂಬಿಕೆಯಿಲ್ಲ. ಬೆಳಗಿನ ಬೆಳಕಿನಲ್ಲಿ ಬಣ್ಣದ ಪಟ್ಟಿಯ ಪಕ್ಕ ಇಟ್ಟು ನೋಡಿ, ಎದುರು ಮನೆಯ ಟೈಲರನ್ನು ಕೂಗುತ್ತಾರೆ. ಬಟ್ಟೆಗೆ ದಾರ ಹೊಂದಿಸಿ ಹೊಂದಿಸಿ ಬಣ್ಣದ ವಿಷಯದಲ್ಲಿ ಪಳಗಿದ ಕಣ್ಣು ಅವರದು. ಟೈಲರ್ ಬಾಯಲ್ಲಿ ಬ್ರಷ್ ಇಟ್ಟುಕೊಂಡೇ ಬಂದು ಬಗ್ಗಿ ನೋಡುತ್ತಾರೆ.

"ಬಿಳಿ ಅಕ್ಕಾ. ಹಾಲಿನ ಬಿಳಿ ಅಲ್ಲ, ಕಾಲರ್ ಬಟ್ಟೆ ಬಿಳಿ."

"ಬಿಳಿ ಅನ್ನು, ಸಾಕು. ನಾನೇನು ಅಂಗಿ ಹೊಲಿಸ್ತಿದ್ದೀನಾ?"

ಆಮೇಲೆಯೇ ನಲ್ಲಿಯ ಬೀಗ ತೆಗೆಯುವುದು. ಅಷ್ಟರಲ್ಲಿ ಆರೇಳು ಕೊಡಗಳು ಸಾಲಿಗೆ ಬಂದಿವೆ. ಬೀದಿಗೆಲ್ಲ ಇವರು ಕಾಗದದಕ್ಕ. ಆ ಹೆಸರು ಇಟ್ಟವರು ಯಾರೆಂದು ಅವರಿಗೂ ನೆನಪಿಲ್ಲ.

ಇಲ್ಲಿನ ನೆಲದ ನೀರಿನಲ್ಲಿ ಆರ್ಸೆನಿಕ್ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಕುಡಿದವರು ಮರುದಿನ ಹಾಸಿಗೆ ಹಿಡಿಯುವುದಿಲ್ಲ. ಹತ್ತು ಹದಿನೈದು ವರ್ಷ ಅದು ಒಳಗೊಳಗೇ ಕೆಲಸ ಮಾಡುತ್ತದೆ. ನೂರು ಕೋಟಿ ಭಾಗ ನೀರಿನಲ್ಲಿ ಹತ್ತು ಭಾಗ ದಾಟಬಾರದೆಂದು ಲೆಕ್ಕ. ಈ ಬೀದಿಯ ಹಳೆಯ ಕೈಪಂಪಿನಲ್ಲಿ ಇರುವುದು ಇನ್ನೂರರ ಮೇಲೆ. ನೀರಿನಲ್ಲಿ ವಿಷವಿದ್ದರೆ ಬಾಟಲಿಯ ಬಿಳಿ ಕಾಗದ ಹಳದಿಗೆ ತಿರುಗುತ್ತದೆ.

ಕೋಣೆಯೊಳಗಿರುವುದು ನೀರಿನ ಶೋಧಕ. ಅದರ ಆಳೆತ್ತರದ ಎರಡು ಸಿಲಿಂಡರುಗಳಲ್ಲಿ ಚಹಾಪುಡಿಯಂಥ ಕಂದು ಹರಳುಗಳಿವೆ. ಅವುಗಳ ಮೈತುಂಬ ಕಬ್ಬಿಣದ ತುಕ್ಕಿನ ಕಣಗಳು. ಒಂದು ಕೂದಲಿನ ದಪ್ಪದಲ್ಲಿ ಸಾವಿರಗಟ್ಟಲೆ ಸಾಲಾಗಿ ನಿಲ್ಲುವಷ್ಟು ಸಣ್ಣವು. ಇದಕ್ಕೆ ನ್ಯಾನೋ ಎನ್ನುತ್ತಾರೆ. ನೀರು ಹಾದುಹೋಗುವಾಗ ವಿಷ ಈ ಕಣಗಳಿಗೆ ಅಂಟಿಕೊಳ್ಳುತ್ತದೆ. ಕಣ ಅಷ್ಟು ಸಣ್ಣದಿರಬೇಕು ಏಕೆ ಎಂದು ನಾನು ಪುಸ್ತಕ ತಿರುವಿ ಅರ್ಧಂಬರ್ಧ ತಿಳಿದುಕೊಂಡು ಹೋಗಿದ್ದೆ. ಕಾಗದದಕ್ಕ ಒಂದೇ ಉಸಿರಿಗೆ ಮುಗಿಸಿದರು: "ಬಟ್ಟೆನ ಗಂಟು ಕಟ್ಟಿ ನೀರಿಗೆ ಹಾಕಿದ್ರೆ ಎಷ್ಟು ಹೀರುತ್ತೆ? ಬಿಚ್ಚಿ ಹರಡಿದ್ರೆ ಎಷ್ಟು ಹೀರುತ್ತೆ? ಅಷ್ಟೇ ವಿಷಯ. ಸಣ್ಣದಾದಷ್ಟೂ ಮೈ ಜಾಸ್ತಿ."

ದಿನಕ್ಕೆ ಮೂರು ಸಾವಿರದ ಇನ್ನೂರು ಲೀಟರ್, ನೂರಾ ಮೂವತ್ತೆಂಟು ಮನೆ. ದಿನ ಬಿಟ್ಟು ದಿನ ನೀರನ್ನು ಹಿಂದುಮುಂದಾಗಿ ಹಾಯಿಸಿ ಹರಳು ತೊಳೆಯುವುದು, ಇಪ್ಪತ್ತೈದು ನಿಮಿಷ. ಏಳು ತಿಂಗಳಿಗೊಮ್ಮೆ ಹರಳುಗಳ ಹೊಟ್ಟೆ ತುಂಬುತ್ತದೆ. ಆಗ ಅವನ್ನು ತೆಗೆದು ಡ್ರಮ್ಮಿಗೆ ತುಂಬಿ, ಮುಚ್ಚಳಕ್ಕೆ ಅಂಟು ಹಾಕಿ, ಶೋಧಕ ಕೊಟ್ಟ ಪ್ರಯೋಗಾಲಯದ ಗಾಡಿ ಬರುವವರೆಗೆ ಕಾಯಬೇಕು. "ಹೀರಿದ ವಿಷ ಎಲ್ಲೂ ಹೋಗಿರಲ್ಲ ನೋಡಿ, ಅದರಲ್ಲೇ ಕೂತಿರುತ್ತೆ. ತಿಪ್ಪೆಗೆ ಸುರಿದ್ರೆ ತಿರುಗಿ ನಮ್ಮನೆಗೇ ಬರುತ್ತೆ."

ವಿಷವಿದೆಯೆಂದು ಈಗ ಕೆಂಪು ಬಣ್ಣ ಬಳಿದಿರುವ ಆ ಹಳೆಯ ಕೈಪಂಪನ್ನು ಇಳಿಸಿದವರು ಕಾಗದದಕ್ಕನ ಗಂಡ ಮತ್ತು ಮೈದುನ. ಅಣ್ಣತಮ್ಮಂದಿರದು ಕೊಳವೆ ಇಳಿಸುವ ಕೆಲಸ. ಪಕ್ಕದ ಬೀದಿಯ ಪಂಪಿನ ನೀರಿಗೆ ತುಕ್ಕಿನ ವಾಸನೆ ಇತ್ತು, ಬಟ್ಟೆ ಹಳದಿಯಾಗುತ್ತಿತ್ತು. ಇವರದು ತಿಳಿಯಾದ, ಸಿಹಿಯಾದ ನೀರು. ಊರವರೆಲ್ಲ ಅತ್ತ ಬಿಟ್ಟು ಇತ್ತ ಬಂದರು. ಗಂಡನಿಗೆ ಅದೊಂದು ಹೆಮ್ಮೆ. ಬಂದವರಿಗೆಲ್ಲ ಮೊದಲು ಒಂದು ಲೋಟ ನೀರು ಕೊಟ್ಟು ಆಮೇಲೆ ಮಾತು ಶುರು ಮಾಡುತ್ತಿದ್ದರಂತೆ. ಕೆಲವು ವರ್ಷಗಳಲ್ಲಿ ಅವರ ಅಂಗೈ ಗಂಟುಗಂಟಾಯಿತು. ಎದೆಯ ಮೇಲೆ ಮಳೆಹನಿ ಬಿದ್ದ ಧೂಳಿನ ಹಾಗೆ ಚುಕ್ಕೆಗಳು ಎದ್ದವು. ಅಂಟುರೋಗವೆಂದು ಜನ ದೂರ ಸರಿದರು. ಒಂಬತ್ತು ವರ್ಷದ ಹಿಂದೆ ಗಂಡ ತೀರಿಕೊಂಡರು. ಅದಾದ ಮೇಲೆ ಗೊತ್ತಾಯಿತು: ಆ ಪಂಪಿನ ನೀರನ್ನು ಎರಡು ವರ್ಷ ಮೊದಲೇ ಯಾರೋ ಪರೀಕ್ಷೆ ಮಾಡಿಸಿದ್ದರು. ಫಲಿತಾಂಶ ಯಾವುದೋ ಕಚೇರಿಯ ಕಡತದಲ್ಲಿ ತಣ್ಣಗೆ ಮಲಗಿತ್ತು. ಇದನ್ನು ಹೇಳುವಾಗ ಅವರು ಸೆರಗಿನಿಂದ ಬಾಟಲಿ ಒರೆಸುತ್ತ ಕೂತಿದ್ದರು.

ಶೋಧಕ ಬಂದಾಗ ನೋಡಿಕೊಳ್ಳಲು ಯಾರಾದರೂ ಬೇಕೆಂದು ಪ್ರಯೋಗಾಲಯದವರು ಕೇಳಿದರು. ಇವರು ಕೈ ಎತ್ತಿದರು. ಆರು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ದಿನದ ಕಾಗದವನ್ನು ನೋಟ್‌ಬುಕ್ಕಿಗೆ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆದಿಡುವುದು ಅವರೇ ಮಾಡಿಕೊಂಡ ಪದ್ಧತಿ.

ಹೋದ ವರ್ಷ ಶೋಧಕಕ್ಕೆ ನೀರೆತ್ತುವ ಪಂಪನ್ನು ಇನ್ನಷ್ಟು ಆಳಕ್ಕೆ ಇಳಿಸಿದರು. ಆಳದ ನೀರಿನಲ್ಲಿ ವಿಷ ಹೆಚ್ಚಿತ್ತು. ಏಳು ತಿಂಗಳು ಬರಬೇಕಾದ ಹರಳು ಐದಕ್ಕೇ ಸೋತಿತು. ಅದೇ ಹೊತ್ತಿಗೆ ಕಾಗದದಕ್ಕನ ಎರಡು ಕಣ್ಣಿಗೂ ಪೊರೆ ಬಂದಿತ್ತು. ಪೊರೆ ಬಂದ ಕಣ್ಣಿಗೆ ಲೋಕವೆಲ್ಲ ತುಸು ಹಳದಿ; ಗೋಡೆ ಹಳದಿ, ಅನ್ನ ಹಳದಿ, ಕಾಗದವೂ ಹಳದಿ. ನಿಧಾನವಾಗಿ ಆದದ್ದರಿಂದ ಅದನ್ನೇ ಬಿಳಿ ಎಂದುಕೊಂಡರು. ಕಾಗದ ನಿಜಕ್ಕೂ ಹಳದಿಗೆ ತಿರುಗಿದಾಗ ಅವರಿಗೆ ಎದ್ದು ಕಾಣಲಿಲ್ಲ. ತಿಂಗಳ ಮಾದರಿ ಒಯ್ದಿದ್ದ ಪ್ರಯೋಗಾಲಯದ ಹುಡುಗಿ ವರದಿ ಹಿಡಿದು ಓಡಿ ಬಂದಳು: ಹತ್ತು ದಾಟಬಾರದ ಕಡೆ ಮೂವತ್ತೆಂಟು. ನೋಟ್‌ಬುಕ್ ತೆರೆದು ಹಿಂದಕ್ಕೆ ಹಾಳೆ ತಿರುವುತ್ತ ಹೋದಳು.

"ಅವಳು ಬೆರಳಿಟ್ಟು ಎಣಿಸಿದ್ಲು. 'ಅಮ್ಮಾ, ಇದು ಹಳದಿ. ಇದೂ ಹಳದಿ.' ಹನ್ನೊಂದು. ನನಗೆ ಹನ್ನೊಂದೂ ಬಿಳಿನೇ ಕಾಣ್ತಿತ್ತು."

ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು, ಹನ್ನೊಂದು ದಿನಕ್ಕೆ ಯಾರಿಗೂ ಏನೂ ಆಗುವುದಿಲ್ಲ, ಸುಮ್ಮನೆ ಹರಳು ಬದಲಾಯಿಸೋಣ, ಹೇಳಿದರೆ ಜನ ರೊಚ್ಚಿಗೇಳುತ್ತಾರೆ. ಕಾಗದದಕ್ಕ ನಲ್ಲಿಗೆ ಬೀಗ ಹಾಕಿ, ನೂರಾ ಮೂವತ್ತೆಂಟು ಮನೆಯ ಬಾಗಿಲು ತಟ್ಟಿದರು. ಎರಡು ದಿನ ಹಿಡಿಯಿತು. ಎಲ್ಲ ಬಾಗಿಲಲ್ಲೂ ಒಂದೇ ಮಾತು: "ಹನ್ನೊಂದು ದಿನ ನಿಮಗೆ ಕೆಟ್ಟ ನೀರು ಕೊಟ್ಟಿದ್ದೀನಿ. ನನ್ನ ಕಣ್ಣಿಗೆ ಕಾಣಲಿಲ್ಲ."

ಕೆಲವರು ಬಾಯಿಗೆ ಬಂದಂತೆ ಬೈದರು. ಅದನ್ನು ಸಹಿಸಬಹುದಿತ್ತು. ನಲವತ್ತೊಂದು ಮನೆಯವರು ಇವರ ಮೇಲಿನ ಸಿಟ್ಟಿಗೆ ಕೆಂಪು ಕೈಪಂಪಿಗೆ ವಾಪಸು ಹೋದರು. ಮೂವತ್ತೆಂಟಕ್ಕೆ ಹೆದರಿ ಇನ್ನೂರಕ್ಕೆ ಹೋದಂತಾಯಿತು.

"ನಾನು ಬಾಯಿ ಮುಚ್ಕೊಂಡಿದ್ರೆ ಅವರೆಲ್ಲ ಒಳ್ಳೆ ನೀರು ಕುಡೀತಿದ್ರು."

ಹಾಗಾದರೆ ಹೇಳಿದ್ದೇ ತಪ್ಪಾಯಿತೇ ಎಂದು ಕೇಳಿದೆ.

"ಇಲ್ಲ. ನಮ್ಮೆಜಮಾನ್ರಿಗೆ ಯಾರೂ ಹೇಳ್ಲಿಲ್ವಲ್ಲ."

ನಲವತ್ತೊಂದರಲ್ಲಿ ನಲವತ್ತು ಮನೆ ಒಂದೊಂದಾಗಿ ಮರಳಿವೆ. ಬಾರದೆ ಉಳಿದದ್ದು ಒಂದು, ಗೋಡೆಗೆ ಗೋಡೆ ಅಂಟಿರುವ ಓರಗಿತ್ತಿಯ ಮನೆ. ಅಲ್ಲಿ ಸೊಸೆಗೆ ಈಗ ಏಳು ತಿಂಗಳು. ತಾಯಿ ಕುಡಿದದ್ದು ಹೊಟ್ಟೆಯಲ್ಲಿರುವ ಮಗುವಿಗೂ ಮುಟ್ಟುತ್ತದೆ. ಕಾಗದದಕ್ಕ ಎಷ್ಟೋ ಸಲ ಹೋಗಿ ಕೇಳಿಕೊಂಡರು. ಬಾಗಿಲಲ್ಲಿ ತುಂಬಿದ ಕೊಡ ಇಟ್ಟು ಬಂದರೆ ಅದು ಹಾಗೆಯೇ ತಿರುಗಿ ಬರುತ್ತಿತ್ತು. ಓರಗಿತ್ತಿಯ ಮಾತು ಖಡಾಖಂಡಿತ: "ಆ ಪಂಪು ವಿಷ ಅಂತ ಮೈಗೆ ಬಣ್ಣ ಬಳ್ಕೊಂಡೇ ನಿಂತಿದೆ ಅಕ್ಕಾ. ಅದು ಸುಳ್ಳು ಹೇಳಲ್ಲ. ನಿನ್ನನ್ನ ನಂಬಿ ಕೆಟ್ವಿ."

ನಾಲ್ಕು ತಿಂಗಳ ಹಿಂದೆ ಬಲಗಣ್ಣಿನ ಶಸ್ತ್ರಚಿಕಿತ್ಸೆ ಆಯಿತು. ಪಟ್ಟಿ ಬಿಚ್ಚಿದ ದಿನ ಆಸ್ಪತ್ರೆಯ ಹೊದಿಕೆ ನೋಡಿ, ಇಷ್ಟು ಬಿಳಿಯೂ ಇರುತ್ತದೆಯೇ ಎಂದು ಬೆರಗಾದರಂತೆ. ಮನೆಗೆ ಬಂದು ಮೊದಲು ಮಾಡಿದ ಕೆಲಸ ನೋಟ್‌ಬುಕ್ ತೆರೆದದ್ದು. ಬಣ್ಣ ಮಾಸಿತ್ತು, ಆದರೂ ಹನ್ನೊಂದೂ ಹಳದಿ. ಅವತ್ತು ಅತ್ತುಬಿಟ್ಟೆ ಎಂದರು. ಈಗ ಆ ಕಣ್ಣು ಸರಿಯಿದೆ, ಆದರೂ ಟೈಲರನ್ನು ಕರೆಯದೆ ಬೀಗ ತೆಗೆಯುವುದಿಲ್ಲ. "ಒಂದೇ ಜೊತೆ ಕಣ್ಣಿಗೆ ಇಷ್ಟು ಜನರನ್ನ ಬಿಡಬಾರದು," ಎನ್ನುತ್ತಾರೆ.

ಇಷ್ಟು ಬರೆದುಕೊಂಡು ಹೊರಡುವವನಿದ್ದೆ. ಫೋಟೋದವರಿಗಾಗಿ ಮರುದಿನವೂ ಬೆಳಗ್ಗೆ ಹೋಗಬೇಕಾಯಿತು. ಗುಳ್ಳೆ ಏಳುತ್ತಿರುವ ಬಾಟಲಿಯ ಎದುರು ಕಾಗದದಕ್ಕನ ಪಕ್ಕ ಇನ್ನೊಬ್ಬರು ಕುಕ್ಕರುಗಾಲಿನಲ್ಲಿ ಕೂತಿದ್ದರು. ಕೈಯಲ್ಲಿ ಕೊಡವಿಲ್ಲ. ಓರಗಿತ್ತಿ ಎಂದು ಟೈಲರ್ ಕಣ್ಣಲ್ಲೇ ಹೇಳಿದರು. ಇಪ್ಪತ್ತು ನಿಮಿಷ ಇಬ್ಬರೂ ಬಾಟಲಿಯನ್ನೇ ನೋಡಿದರು. ಹೊತ್ತು ಮುಗಿದ ಮೇಲೆ ಕಾಗದದಕ್ಕ ಚಿಮಟವನ್ನು ಅವರ ಕೈಗೇ ಕೊಟ್ಟರು. ಆಕೆ ಬೆಳಕಿಗೆ ಹಿಡಿದು, ಪಟ್ಟಿಯ ಪಕ್ಕ ಇಟ್ಟು, ತಿರುಗಿಸಿ ಮುರುಗಿಸಿ ನೋಡಿದರು.

"ಟೈಲರಿಗೂ ತೋರ್ಸು," ಎಂದರು ಕಾಗದದಕ್ಕ.

"ಅವನ್ಯಾಕೆ? ನನ್ನ ಕಣ್ಣು ಚೆನ್ನಾಗಿದೆ," ಎಂದು ಮುಖ ಸಿಂಡರಿಸಿದ ಓರಗಿತ್ತಿ ಮನೆಗೆ ಹೋಗಿ ಕೊಡ ತಂದರು. ತುಂಬಿಸಿಕೊಂಡು ಸೊಂಟಕ್ಕೇರಿಸಿ, ನಾಲ್ಕು ಹೆಜ್ಜೆ ಹೋದವರು ನಿಂತರು. "ನಾಳೆಯಿಂದ ನಾನೇ ಬಂದು ನೋಡ್ತೀನಿ. ನಾನು ನೋಡದೆ ಬೀಗ ತೆಗೀಬೇಡ."

"ಆಯ್ತು, ಬಾ," ಎಂದರು ಕಾಗದದಕ್ಕ. ಸೊಸೆಯ ಸುದ್ದಿ ಕೇಳಲಿಲ್ಲ. ಕೈಗವಸು ಕಳಚಿ, ಅವತ್ತಿನ ಕಾಗದವನ್ನು ನೋಟ್‌ಬುಕ್ಕಿಗೆ ಅಂಟಿಸಿದರು.

ಹೊರಡುವ ಮುನ್ನ, ಪತ್ರಿಕೆಯವರೆಲ್ಲ ಕೇಳುವ ಸವಕಲು ಪ್ರಶ್ನೆಯನ್ನೇ ನಾನೂ ಕೇಳಿದೆ, ನಿಮ್ಮ ಆಸೆ ಏನು ಎಂದು.

"ಆ ಮಗು ಹುಟ್ಟಿ ದೊಡ್ಡದಾಗಿ, ಒಂದಿನ ಇಲ್ಲಿ ನಿಂತು, 'ದೊಡ್ಡಜ್ಜಿ, ಈ ಎರಡು ದೊಡ್ಡ ಡಬ್ಬ ಯಾಕಿಟ್ಟಿದ್ದಾರೆ' ಅಂತ ನನ್ನ ಕೇಳ್ಬೇಕು. ನೀರಲ್ಲಿ ವಿಷ ಇತ್ತು ಅನ್ನೋದೂ ಅದಕ್ಕೆ ಗೊತ್ತಿರಬಾರದು."