ತೊಂದರೆಯಿಲ್ಲದ ಲತೇಶನೂ ಮಗಳ ಡೈಪರೂ

ಲತೇಶನಿಗೆ ಅಬುಧಾಬಿಯಲ್ಲಿ ಕೆಲಸವೆಂದರೆ ಬೇರೆಯವರ ದೂರು ಕೇಳುವುದು. ಏಸಿ ರಿಪೇರಿ ಮಾಡುವ ಕಂಪನಿಯೊಂದರಲ್ಲಿ ಅವನು ದೂರು ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಇರುವುದು ಅವನೊಬ್ಬನೇ ಆದ್ದರಿಂದ ಆ ಪದವಿಗೆ ಸ್ಪರ್ಧೆ ಇರಲಿಲ್ಲ. ಜುಲೈ ತಿಂಗಳಲ್ಲಿ ಏಸಿ ನಿಂತುಹೋದ ಮನುಷ್ಯ ಯಾವ ದೇಶದವನಾದರೂ ಆಡುವ ಭಾಷೆ ಒಂದೇ. ಅದನ್ನೆಲ್ಲ ತಣ್ಣಗೆ ಕೇಳಿಸಿಕೊಂಡು ‘ತೊಂದರೆ ಇಲ್ಲ ಸರ್, ಆಗ್ತದೆ’ ಎಂದು ಹೇಳಿ ಹೇಳಿ, ತನಗೂ ತೊಂದರೆ ಇರಬಹುದೆಂದು ಒಪ್ಪಿಕೊಳ್ಳುವ ಶಕ್ತಿಯನ್ನೇ ಅವನು ಕಳೆದುಕೊಂಡಿದ್ದ. ತಪ್ಪು ಪೂರ್ತಿ ಅವನದ್ದೂ ಅಲ್ಲ. ಉಡುಪಿ ಕಡೆಯಿಂದ ಗಲ್ಫಿಗೆ ಬಂದ ನಾವೆಲ್ಲ ಊರಿಗೆ ಫೋನು ಮಾಡಿ ಹೇಳುವುದು ಒಂದೇ ಮಾತು, ಇಲ್ಲಿ ಎಲ್ಲ ಸೌಖ್ಯ. ಕೆಲಸ ಹೋದ ದಿನವೂ ಸೌಖ್ಯ, ಕಾಲಿಗೆ ಪ್ಲಾಸ್ಟರು ಸುತ್ತಿಸಿಕೊಂಡು ಮಲಗಿರುವಾಗಲೂ ಸೌಖ್ಯ.

ಅವನ ಮಗಳು ಯಶ್ಮಿತಾಳಿಗೆ ಹನ್ನೆರಡು ವರ್ಷ. ಹುಟ್ಟುವಾಗ ಮಿದುಳಿಗೆ ಪೆಟ್ಟಾದದ್ದರಿಂದ ಗಾಲಿಕುರ್ಚಿಯಲ್ಲೇ ಓಡಾಟ, ಮೂತ್ರದ ಮೇಲೆ ಹಿಡಿತವಿಲ್ಲ. ನಾಲಿಗೆಯ ಮೇಲೂ ಹಿಡಿತವಿಲ್ಲ ಎಂದು ತಾಯಿ ದೀಪ್ತಿ ಸೇರಿಸುತ್ತಾಳೆ. ಖಾಲಿದಿಯಾದಲ್ಲಿರುವ ಅವಳ ಶಾಲೆಯವರು ಒಂದು ನಾಟಕ ಆಡಿಸಲು ಹೊರಟಿದ್ದರು. ಅದರಲ್ಲಿ ಯಶ್ಮಿತಾ ನ್ಯಾಯಾಧೀಶೆ. ಪ್ರಾಕ್ಟೀಸು ಊಟದ ನಂತರ. ಸಮಸ್ಯೆ ಇದ್ದದ್ದು ಅಲ್ಲೇ. ಎಳೆಮಕ್ಕಳ ಡೈಪರು ಅವಳಿಗೆ ತೊಡೆ ದಾಟುತ್ತಿರಲಿಲ್ಲ. ಮುದುಕರದ್ದು ತಂದರೆ ಒಳಗೆ ಇನ್ನೊಬ್ಬಳನ್ನು ಕೂರಿಸುವಷ್ಟು ಜಾಗ. ಹೀಗಾಗಿ ಊಟದ ಹೊತ್ತಿಗೆ ಸರಿಯಾಗಿ ಸೋರಿ, ಕುರ್ಚಿ ಸಮೇತ ಒದ್ದೆಯಾಗಿ ಹುಡುಗಿ ಮನೆಗೆ ವಾಪಸು ಬರುತ್ತಿದ್ದಳು. ನ್ಯಾಯಾಧೀಶೆ ಇಲ್ಲದ ಕೋರ್ಟಿನಲ್ಲಿ ವಕೀಲರು ತಮ್ಮಷ್ಟಕ್ಕೆ ಜಗಳವಾಡಿಕೊಳ್ಳುತ್ತಿದ್ದರಂತೆ. ಹೀಗೇ ಆದರೆ ಪಾತ್ರವನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಟೀಚರ್ ರೀಮಾ ಮೆತ್ತಗೆ ಹೇಳಿ ಕಳಿಸಿದ್ದರು. ನಡುವಿನ ಅಳತೆಯ ಡೈಪರನ್ನು ಆಸ್ಪತ್ರೆ ಸಾಮಾನಿನವರು ತರಿಸಿ ಕೊಡುತ್ತಾರೆ. ಆದರೆ ಅದು ವಿಮೆಯವರು ಒಪ್ಪಿದರೆ ಮಾತ್ರ ಲತೇಶನ ಕೈಗೆಟಕುವ ವಸ್ತು.

ಮೊದಲ ಅರ್ಜಿಗೆ ವಿಮೆ ಕಂಪನಿಯವರು, ಡೈಪರೆಂಬುದು ಶೃಂಗಾರ ಸಾಧನಗಳ ಸಾಲಿಗೆ ಬರುತ್ತದೆ, ಕೊಡಲಾಗುವುದಿಲ್ಲ ಎಂದರು. ಮುದುಕರಿಗೆ ಕೊಡುತ್ತೀರಲ್ಲ ಎಂದು ದೀಪ್ತಿ ಕೇಳಿದ್ದಕ್ಕೆ, ಅರವತ್ತು ತುಂಬಿದವರಿಗೆ ಅದು ಚಿಕಿತ್ಸೆ ಎಂಬ ಉತ್ತರ ಬಂತು. ಅಲ್ಲಿಯವರೆಗೆ ಕಾಯಬಹುದಲ್ಲ ಮೇಡಂ ಎಂದು ಆ ಕಡೆಯ ಹುಡುಗ ಬಹಳ ವಿನಯದಿಂದ ಹೇಳಿದ. ಅವನು ತಮಾಷೆ ಮಾಡುತ್ತಿರಲಿಲ್ಲ.

ಎರಡನೇ ಅರ್ಜಿಗೆ ವಿಮೆಯವರ ಕಡೆಯಿಂದ ಮಾರ್ಗರೆಟ್ ಎಂಬ ನರ್ಸು ಫೋನು ಮಾಡಿದಳು. ಮಗುವನ್ನು ನೋಡಿಕೊಳ್ಳಲು ಏನೇನು ಕಷ್ಟವಿದೆ, ವಿವರವಾಗಿ ಹೇಳಿ, ಇದು ರೆಕಾರ್ಡ್ ಆಗುತ್ತದೆ ಎಂದಳು. ಫೋನು ಕಿವಿಗೆ ತಾಗಿದ್ದೇ ತಡ, ಲತೇಶನ ಬಾಯಿ ತಾನಾಗಿ ತೆರೆದುಕೊಂಡಿತು. ಏನೂ ತೊಂದರೆ ಇಲ್ಲ ಸಿಸ್ಟರ್, ದೇವರ ದಯೆಯಿಂದ ಎಲ್ಲ ಸೌಖ್ಯ, ನೀವು ಹೇಗಿದ್ದೀರಿ ಎಂದು ಕೇಳಿದ. ವಾರದೊಳಗೆ ಪತ್ರ ಬಂತು. ತೊಂದರೆ ಇಲ್ಲವೆಂದು ಸ್ವತಃ ತಂದೆಯೇ ತಿಳಿಸಿರುವುದರಿಂದ ಅರ್ಜಿ ವಜಾ.

ದೀಪ್ತಿ ಆ ಪತ್ರವನ್ನು ಗಂಡನ ಕೈಗೇ ಕೊಟ್ಟು ಎರಡು ಸಲ ಓದಿಸಿದಳು. ಕೊನೆಗೆ, ಕಷ್ಟ ಹೇಳಿಕೊಳ್ಳಲು ಕಲಿತು ಬನ್ನಿ ಎಂದು ಉಮ್ಮರಬ್ಬನ ಬಳಿಗೆ ಅಟ್ಟಿದಳು. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಇವರ ಬಿಲ್ಡಿಂಗಿನ ಕೆಳಗೇ ಉಮ್ಮರಬ್ಬನ ಅತ್ತರಿನ ಅಂಗಡಿ. ವ್ಯಾಪಾರ ಚೆನ್ನಾಗಿದ್ದಾಗಲೂ ಮುಳುಗಿದೆನೆಂದು ಗೋಳಾಡುವುದರಲ್ಲಿ ಅವನಿಗೆ ಇಡೀ ಬೀದಿಯಲ್ಲೇ ಎದುರಿಲ್ಲ. ಕೊನೆಯ ಅವಕಾಶವಾಗಿ ವಿಮೆಯವರ ಡಾಕ್ಟರೊಬ್ಬರ ಮುಂದೆ ಖುದ್ದು ಹಾಜರಾಗಬೇಕಿತ್ತು. ಅದಕ್ಕೆ ಅಂಗಡಿಯಲ್ಲೇ ತರಬೇತಿ ಶುರುವಾಯಿತು.

“ಹೇಳು, ಮಗಳದ್ದು ಕಷ್ಟ ಉಂಟಾ?”

“ಉಂಟು. ಆದ್ರೆ ಅಷ್ಟೇನಿಲ್ಲ.”

“ಖಲಾಸ್. ಆ ‘ಅಷ್ಟೇನಿಲ್ಲ’ ಯಾರು ಕೇಳಿದ್ದು ನಿನ್ನತ್ರ?”

“ಸುಳ್ಳು ಹೇಳ್ಬೇಕಾ ಉಮ್ಮರಬ್ಬ?”

“ಸುಳ್ಳು ಈಗ ಹೇಳ್ತಾ ಇದ್ದಿ ಮಾರಾಯ. ನಾನು ಸತ್ಯ ಹೇಳ್ಲಿಕ್ಕೆ ಕಲಿಸುದು.”

ಗಡ್ಡ ಬೋಳಿಸಬಾರದು, ಅಂಗಿಗೆ ಇಸ್ತ್ರಿ ಕೂಡದು, ನಡುನಡುವೆ ನಿಟ್ಟುಸಿರು ಬಿಡಬೇಕು ಎಂದೆಲ್ಲ ಪಾಠವಾಯಿತು. ಲತೇಶನ ನಿಟ್ಟುಸಿರು ಹೊಟ್ಟೆ ತುಂಬ ಉಂಡವನ ತೇಗಿನಂತೆ ಕೇಳುತ್ತಿತ್ತು.

ಆ ದಿನ ಅವನು ಕುರುಚಲು ಗಡ್ಡದಲ್ಲಿ ಹೊರಟ. ಇಸ್ತ್ರಿಯಿಲ್ಲದ ಅಂಗಿಯಲ್ಲಿ ಗಂಡ ಹೊರಗೆ ಹೋಗುವುದನ್ನು ನೋಡಲಾರದೆ ದೀಪ್ತಿ ಬಾಗಿಲಲ್ಲೇ ತಡೆದು ಇಸ್ತ್ರಿ ಹಾಕಿಕೊಟ್ಟಳು. ಯಶ್ಮಿತಾಳನ್ನು ತಳ್ಳಿಕೊಂಡು ಡಾಕ್ಟರ್ ವಿಕ್ಟರ್ ಅವರ ಕೋಣೆಗೆ ಹೋದರೆ, ಅಲ್ಲಿ ಏಸಿ ಕೆಟ್ಟಿತ್ತು. ಡಾಕ್ಟರು ಫೈಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಲತೇಶನಿಗೆ ಅಷ್ಟೇ ಸಾಕಾಯಿತು. ಎಷ್ಟು ದಿನದಿಂದ ಸರ್, ನೀರು ತೊಟ್ಟಿಕ್ಕುತ್ತದಾ, ಸದ್ದು ಬರುತ್ತದಾ ಎಂದು ಕೇಳಿದ. ಇಷ್ಟು ಅನುಕಂಪದಿಂದ ತಮ್ಮನ್ನು ಯಾರೂ ವಿಚಾರಿಸಿರಲಿಲ್ಲವೆಂದು ಕಾಣುತ್ತದೆ. ಡಾಕ್ಟರು ಏಸಿಯಿಂದ ಶುರುಮಾಡಿ, ಲಿಫ್ಟು, ಪಾರ್ಕಿಂಗು, ಮನೆ ಮಾಲೀಕನವರೆಗೆ ಎಲ್ಲವನ್ನೂ ತೋಡಿಕೊಂಡರು. ಲತೇಶ ತಲೆಯಾಡಿಸಿ ಸಮಾಧಾನ ಹೇಳಿದ. ಮನಸ್ಸು ಹಗುರಾದ ಡಾಕ್ಟರು ಕಣ್ಣೊರೆಸಿಕೊಂಡು, ಈಗ ನಿಮ್ಮ ತೊಂದರೆ ಹೇಳಿ ಎಂದರು.

“ತೊಂದರೆ ಇಲ್ಲ ಸರ್,” ಎಂದ ಲತೇಶ.

ಅಂದ ಮೇಲೆ ಅವನಿಗೇ ಕೇಳಿಸಿತು. ಮಗಳ ಕಡೆ ನೋಡಿದ.

“ಡಾಕ್ಟರ್, ಯು ಆರ್ ಆಸ್ಕಿಂಗ್ ದ ರಾಂಗ್ ಪರ್ಸನ್,” ಎಂದಳು ಯಶ್ಮಿತಾ. “ಡೈಪರ್ ಹಾಕಿಕೊಳ್ಳುದು ಅಪ್ಪ ಅಲ್ಲ, ನಾನು. ಆಸ್ಕ್ ಮಿ.”

ಡಾಕ್ಟರು ಕೇಳಿದರು. ಊಟದ ಹೊತ್ತಿಗೆ ಏನಾಗುತ್ತದೆ, ಬಸ್ಸಿನಲ್ಲಿ ಕೂತಾಗ ಪಕ್ಕದ ಹುಡುಗಿ ಕಿಟಕಿಯ ಕಡೆ ಹೇಗೆ ತಿರುಗುತ್ತಾಳೆ, ಚರ್ಮ ಎಲ್ಲಿ ಸುಲಿದಿದೆ ಎಂದು ಅವಳು ಒಂದೊಂದಾಗಿ ಹೇಳಿದಳು. ನಾನು ಜಡ್ಜ್, ನನ್ನ ಕೇಸುಗಳೆಲ್ಲ ಊಟದ ನಂತರವೇ ಇರುವುದು ಎಂದೂ ಹೇಳಿದಳು. ಅದರಲ್ಲಿ ಅರ್ಧದಷ್ಟು ಲತೇಶನಿಗೇ ಹೊಸದು. ಅವನ ನಿಟ್ಟುಸಿರು ಆಗ ಸರಿಯಾಗಿ ಬಂತು. ಯಾರೂ ಗಮನಿಸಲಿಲ್ಲ.

ಡಾಕ್ಟರು ಬರೆದುಕೊಳ್ಳಲು ಕಂಪ್ಯೂಟರಿಗೆ ತಿರುಗಿದರು. ಮಕ್ಕಳು ಸ್ವತಃ ಹೇಳಿದ್ದನ್ನು ಬರೆಯಲು ಅದರಲ್ಲಿ ಜಾಗವಿರಲಿಲ್ಲ. ಪೋಷಕರ ಹೇಳಿಕೆ ಎಂಬ ಜಾಗ ಮಾತ್ರ ಇತ್ತು. ಹೇಳಿದವರ ಹೆಸರೇ ಬೇಕಲ್ಲ ಎಂದು ಅವರು ಅಲ್ಲಿ ಯಶ್ಮಿತಾ ಎಂದು ತುಂಬಿದರು. ಪೋಷಕಿ ಅವಳಾದ ಮೇಲೆ ರೋಗಿ ಯಾರೆಂದು ಕಂಪ್ಯೂಟರು ತಾನೇ ತೀರ್ಮಾನಿಸಿತು.

ಮಂಜೂರಾತಿ ಬಂತು. ರೋಗಿ: ಲತೇಶ. ಪೋಷಕಿ: ಯಶ್ಮಿತಾ. ಡೈಪರಿನ ಅಳತೆ ಮಾತ್ರ ಸರಿಯಾಗಿತ್ತು. ತಿದ್ದಿಸಲು ಲತೇಶ ವಿಮೆಯವರಿಗೆ ಫೋನು ಮಾಡಿ ಎಲ್ಲವನ್ನೂ ವಿವರಿಸಿದ. ಬರುವ ವರ್ಷದ ಪರಿಶೀಲನೆಯಲ್ಲಿ ಸರಿಪಡಿಸುತ್ತೇವೆ, ಅಲ್ಲಿಯವರೆಗೆ ಪೂರೈಕೆ ಹೀಗೆಯೇ ನಡೆಯಲಿ ಎಂದರು. ಬಚ್ಚಿಡದೆ ಎಲ್ಲವನ್ನೂ ಹೇಳಿಯಾಗಿದೆ, ಇನ್ನು ಸುಮ್ಮನಿರಿ ಎಂದಳು ದೀಪ್ತಿ.

ಮೊದಲ ಪೆಟ್ಟಿಗೆ ನೇರ ಆಫೀಸಿಗೇ ಬಂತು, ದಪ್ಪಕ್ಷರದಲ್ಲಿ ಲತೇಶನ ಹೆಸರು ಹೊತ್ತು. ಅಂದಿನಿಂದ ಮೀಟಿಂಗುಗಳಲ್ಲಿ ಮ್ಯಾನೇಜರು ಅವನಿಗೆ ಬಾಗಿಲ ಪಕ್ಕದ ಕುರ್ಚಿ ಕೊಡತೊಡಗಿದರು.

ಎರಡನೇ ಪೆಟ್ಟಿಗೆ ತಂದ ಡ್ರೈವರು ಬಹಳ ಕಟ್ಟುನಿಟ್ಟಿನವನು. ರೋಗಿಯ ಸಹಿ ಒಂದೇ ಸಾಲದು, ಪೋಷಕರದ್ದೂ ಬೇಕು, ಇಲ್ಲದಿದ್ದರೆ ವಾಪಸು ಒಯ್ಯುತ್ತೇನೆ ಎಂದ. ಲತೇಶ ಅವನ ವ್ಯಾನಿನಲ್ಲೇ ಕೂತು ಅವನನ್ನು ಖಾಲಿದಿಯಾದ ಶಾಲೆಗೆ ಕರೆದೊಯ್ದ. ಊಟ ಮುಗಿದು ಬಹಳ ಹೊತ್ತಾಗಿತ್ತು. ಗೇಟಿಗೆ ಬಂದ ರೀಮಾ ಟೀಚರ್, ಯಶ್ಮಿತಾಳನ್ನು ಈಗ ಕರೆಯಲಾಗುವುದಿಲ್ಲ, ವಿಚಾರಣೆ ನಡೆಯುತ್ತಿದೆ, ತೀರ್ಪು ಕೊಡದೆ ಬರುವುದಿಲ್ಲವೆಂದು ಹೇಳಿದ್ದಾಳೆ ಎಂದರು.

“ಎಷ್ಟು ಹೊತ್ತು?” ಎಂದು ಡ್ರೈವರು ಕೇಳಿದ.

ಲತೇಶನಿಗೆ ಗೊತ್ತಿರಲಿಲ್ಲ. ಈ ಹೊತ್ತಿನವರೆಗೆ ಮಗಳು ಶಾಲೆಯಲ್ಲಿ ಉಳಿದದ್ದನ್ನು ಅವನು ನೋಡುತ್ತಿರುವುದು ಇದೇ ಮೊದಲು. ಪೆಟ್ಟಿಗೆಯನ್ನು ವ್ಯಾನಿನಿಂದ ಇಳಿಸಿ ಗೇಟಿನ ನೆರಳಿಗೆ ಸರಿಸಿ, ಅದರ ಮೇಲೆ ಡ್ರೈವರಿಗೂ ಜಾಗ ಬಿಟ್ಟು ಕೂತ.