ನಾಲ್ಕು ತಂತಿಯ ಗಿರಣಿ

"ಬಾಯಾರ, ಮನ್ಯಾಗ ಹಿಟ್ಟಿನ ಗಿರಣಿ ಹಾಕೀರೇನ್ರಿ?"

ಹೋದ ವಾರ ಸಂಜೆ ನನ್ನ ಬಾಗಿಲಲ್ಲಿ ನಿಂತು ಹೀಗೆ ಕೇಳಿದವರು ಪಕ್ಕದ ಮನೆಯ ಖಾಜಾಬಿ. ಸೊಂಟದ ಮೇಲೆ ಜೋಳದ ಡಬ್ಬಿ, ಮೂಗಿನ ತುದಿಯಲ್ಲಿ ಸಿಟ್ಟು. ಹುಮನಾಬಾದಿನ ಈ ಬಾಡಿಗೆ ಮನೆಗೆ ನಾನು ಬಂದು ನಾಲ್ಕು ವರ್ಷವಾಯಿತು. ಈ ನಾಲ್ಕು ವರ್ಷದಲ್ಲಿ ನನ್ನ ಬಾಗಿಲು ಬಡಿದವರು ಹಾಲಿನವನು, ಪೋಸ್ಟಿನವನು, ಮತ್ತು ಮನೆ ತಪ್ಪಿ ಬಂದ ಯಾರದೋ ಮದುವೆಯ ಬೀಗರು. (ಅವರಿಗೆ ಚಹಾ ಕುಡಿಸಿಯೇ ಕಳಿಸಿದೆ. ಸುಮ್ಮನೆ ಬಿಡುತ್ತೇನೆಯೇ?) ಹಾಗಾಗಿ ಜಗಳಕ್ಕೆ ಬಂದವರನ್ನು ಕಂಡೂ ನನಗೆ ಖುಷಿಯೇ ಆಯಿತು.

ಗಿರಣಿಯ ಕಥೆ ಹೇಳಬೇಕಾದರೆ ಹೈದರಾಬಾದಿನಿಂದ ಶುರು ಮಾಡಬೇಕು.

ಅಣ್ಣನ ಮಗಳ ಮದುವೆಗೆ ಸೀರೆ ತರಲು ನಾವು ಅಲ್ಲಿಗೆ ಹೋಗಿದ್ದೆವು. ಅಂಗಡಿಯಲ್ಲಿ ಎಲ್ಲರೂ ಎಲ್ಲರಿಗೂ ಸೀರೆ ತೋರಿಸುತ್ತಿದ್ದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಮದುವೆಯಾಗದೆ ನಲವತ್ತೇಳು ದಾಟಿದ ಅತ್ತೆಗೆ ಯಾವ ಬಣ್ಣವಾದರೇನು? ಬೇಸರವಾಗಿ ಪಕ್ಕದ ಅಂಗಡಿಗೆ ಹೊಕ್ಕೆ. ಅಲ್ಲಿ ಗಿಟಾರುಗಳು ತೂಗುಬಿದ್ದಿದ್ದವು. ಕೆಲವಕ್ಕೆ ಆರು ತಂತಿ, ಮೂಲೆಯಲ್ಲಿದ್ದ ಒಂದಕ್ಕೆ ನಾಲ್ಕೇ. ನಾನು ಗಣಿತದ ಟೀಚರ್. ಆರು ಕಲಿಯುವುದಕ್ಕಿಂತ ನಾಲ್ಕು ಕಲಿಯುವುದು ಸಲೀಸು ಎಂದು ಲೆಕ್ಕ ಹಾಕಿದೆ. ಮೇಲಾಗಿ ಅದೇ ಎಲ್ಲಕ್ಕಿಂತ ಅಗ್ಗ.

"ಮೇಡಂ, ಯೇ ಬೇಸ್ ಗಿಟಾರ್ ಹೈ. ಆಂಪ್ಲಿಫೈಯರ್ ಹೈ ನಾ?" ಎಂದ ಅಂಗಡಿಯವನು.

"ಹೈ, ಹೈ," ಎಂದೆ. (ಅದೊಂದು ಬಗೆಯ ಚೀಲವಿರಬೇಕು ಎಂದುಕೊಂಡಿದ್ದೆ.)

ಬಸವಕಲ್ಯಾಣದ ಅಣ್ಣನ ಮನೆಗೆ ಬಂದು ಎಲ್ಲರೆದುರು ತಂತಿ ಮೀಟಿದೆ. ಕಿವಿಯ ಹತ್ತಿರ ಸೊಳ್ಳೆ ಬಂದು ಹೋದಷ್ಟು ಸದ್ದು!

"ಏನ್ ತಂಗಿ, ಮೂಕ ಗಿಟಾರ್ ತಂದೀಯಲ್ಲ!" ಅಂದ ಅಣ್ಣ. ಮನೆ ತುಂಬಾ ನಗು. ಕಾಲೇಜು ಓದಿದ ಅವನ ಮಗಳಷ್ಟೇ ನಗದೆ ಬಿಡಿಸಿ ಹೇಳಿದಳು. "ಅತ್ತಿ, ಇದು ಒಬ್ರೇ ಬಾರ್ಸೂದಲ್ಲ. ಇದಕ್ಕ ಕರೆಂಟಿನ ಪೆಟ್ಟಿಗಿ ಬೇಕು, ಜೋಡಿಗಿ ಡ್ರಮ್ ಬೇಕು, ಮುಂದ ಹಾಡವ್ರು ಬೇಕು. ಒಂದೇ ಇದ್ರ ಏನೂ ಉಪಯೋಗಿಲ್ಲ."

ಅವಳು ಹೇಳಿದ್ದು ಗಿಟಾರಿನ ಬಗ್ಗೆಯೇ. ಆದರೂ ಅಣ್ಣ ತಲೆ ತಗ್ಗಿಸಿ ಸೀರೆಯ ಚೀಲ ಬಿಚ್ಚತೊಡಗಿದ. ಅತ್ತಿಗೆ ಎದ್ದು ಒಳಗೆ ಹೋದಳು. ನಾನು ಗಿಟಾರನ್ನು ಹಳೇ ಚಾದರಿನಲ್ಲಿ ಸುತ್ತಿಕೊಂಡು ಸಂಜೆ ಬಸ್ಸಿಗೇ ಹುಮನಾಬಾದಿಗೆ ವಾಪಸು ಬಂದೆ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಅಳು ಬರುತ್ತಿತ್ತು, ಹೇಳಲು ನಾಚಿಕೆಯೇನು?

ಆದರೆ ಹಟ ಎನ್ನುವುದೊಂದು ಇದೆಯಲ್ಲ! ಮರುದಿನವೇ ಶುರು ಮಾಡಿದೆ. ಶ್ರುತಿ ಮಾಡಲು ನನಗೆ ಗೊತ್ತಿದ್ದದ್ದು ಶಾಲೆಯ ಪ್ರಾರ್ಥನೆಯ ಹಾರ್ಮೋನಿಯಂ ಒಂದೇ. ಗಂಟೆ ಹೊಡೆದ ಮೇಲೆ ಅದರ ಷಡ್ಜ ಒತ್ತಿ, ಆ ಸ್ವರವನ್ನು ಗಂಟಲಲ್ಲೇ ಇಟ್ಟುಕೊಂಡು ಮನೆಯವರೆಗೆ ಗುನುಗುತ್ತಾ ನಡೆದೆ. ಮಾತಾಡಿದರೆ ಸ್ವರ ಹೋಗುತ್ತದೆ. ದಾರಿಯಲ್ಲಿ ಯಾರೂ ಮಾತಾಡಿಸಲಿಲ್ಲ, ಸ್ವರ ಹೋಗಲಿಲ್ಲ. ಒಬ್ಬಳೇ ಇರುವುದಕ್ಕೆ ಅಷ್ಟಾದರೂ ಲಾಭ ಬೇಡವೇ?

ದನಿ ಸಿಕ್ಕಿದ್ದು ಆಮೇಲೆ, ಅದೂ ಅಕಸ್ಮಾತ್ತಾಗಿ. ತಂತಿ ಬಿಗಿಸಲು ಕಿವಿ ತಿರುವುತ್ತಿದ್ದಾಗ (ಗಿಟಾರಿನದು!) ಅದರ ತಲೆ ನನ್ನ ತೇಗದ ಅಲಮಾರಿಗೆ ತಗುಲಿತು. ಅಬ್ಬಾ! ಅಲಮಾರಿಯೇ ಗುಂಯ್ ಎಂದಿತು. ನೆಲ ನಡುಗಿತು, ಲೋಟ ನಡುಗಿತು, ನನ್ನ ಎದೆಯೂ ನಡುಗಿತು. ಆಂಪ್ಲಿಫೈಯರ್ ಮನೆಯಲ್ಲೇ ಇತ್ತು, ಒಳಗೆ ಸೀರೆ ಮಡಿಸಿಟ್ಟಿದ್ದೆ ಅಷ್ಟೇ! ಉಗುರು ಬಿಟ್ಟು ಹೆಬ್ಬೆರಳಿನ ಮೆತ್ತನೆಯ ಕಡೆಯಿಂದ, ಕುತ್ತಿಗೆಯ ಹತ್ತಿರ ಮೀಟಿದರೆ ದನಿ ಇನ್ನೂ ದುಂಡಗಾಗುತ್ತದೆ ಎಂದೂ ಕಂಡುಕೊಂಡೆ. ನನಗೆ ಬರುವುದು ನಾಲ್ಕೇ ಸ್ವರ. ಅವನ್ನೇ ದಿನಾ ಸಂಜೆ ಒಂದು ತಾಸು, ಅಲಮಾರಿಗೆ ಭುಜ ಕೊಟ್ಟು ಕೂತು, ತಿರುಗಿಸಿ ಮುರುಗಿಸಿ ನುಡಿಸಿದೆ. ಮನೆಯಲ್ಲಿ ಇನ್ನೊಬ್ಬರು ಮಾತಾಡಿದ ಹಾಗೆ ಇರುತ್ತಿತ್ತು.

ಅಲಮಾರಿ ನಿಂತಿದ್ದು ಖಾಜಾಬಿಯ ಗೋಡೆಗೆ.

ನಮ್ಮ ಓಣಿಯಲ್ಲಿ ಕರೆಂಟ್ ಬಂತೇ ಎಂದು ಯಾರೂ ಸ್ವಿಚ್ ಹಾಕಿ ನೋಡುವುದಿಲ್ಲ. ಗಿರಣಿಯ ಸದ್ದು ಕೇಳಿದರೆ ಬಂತು ಎಂದರ್ಥ, ಜೋಳದ ಡಬ್ಬಿ ಹೊತ್ತು ಓಡಬೇಕು. ಖಾಜಾಬಿ ನನ್ನ ಗುಂಯ್ ಕೇಳಿ ಮೂರು ಸಲ ಓಡಿದ್ದಾರೆ. ಮೂರು ಸಲವೂ ಗಿರಣಿಗೆ ಬೀಗ. "ನನ್ನ ನೋಡೇ ಬಂದ್ ಮಾಡಾಕತ್ತೀ" ಎಂದು ಗಿರಣಿಯವನ ಮನೆತನಕ ಹೋಗಿ ಜಗಳ ತೆಗೆದಿದ್ದಾರೆ!

ಕೊನೆಗೆ ಗೋಡೆಗೆ ಕಿವಿ ಹಚ್ಚಿ, ಡಬ್ಬಿಯೊಂದಿಗೇ ನನ್ನ ಬಾಗಿಲಿಗೆ ಬಂದ ಅವರಿಗೆ ಗಿಟಾರ್ ತೋರಿಸಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದರು. "ಯಾ ಅಲ್ಲಾ! ಇದಕ್ಕ ನಾ ಜೋಳ ಹೊತ್ಕೊಂಡ್ ಓಡೇನಿ?" ಎಂದು ಹಣೆ ಬಡಿದುಕೊಂಡರು.

"ತಪ್ಪಾತು ಖಾಲಾ, ಕುಂದರ್ರಿ, ಚಹಾ ಮಾಡ್ತೇನಿ," ಎಂದೆ.

"ಬ್ಯಾಡ್ರಿ, ಒಲಿ ಮ್ಯಾಲ ಬ್ಯಾಳಿ ಅದ," ಎಂದು ನಡೆದೇಬಿಟ್ಟರು. ಕುರ್ಚಿ ಎಳೆದಿಟ್ಟಿದ್ದೆ. ಅದನ್ನು ಮತ್ತೆ ಒಳಗಿಟ್ಟೆ.

ಜನರಿಗೆ ತೊಂದರೆ ಯಾಕೆ? ಅಲಮಾರಿಯ ಬಟ್ಟೆಯೆಲ್ಲ ತೆಗೆದು, ಒಬ್ಬಳೇ ಏದುಸಿರು ಬಿಡುತ್ತಾ ಕೋಣೆಯ ನಡುವಿಗೆ ಎಳೆದೆ. ಗೋಡೆ ಬಿಟ್ಟದ್ದೇ ದನಿ ಪೊಳ್ಳಾಯಿತು. ಎರಡು ದಿನ ಹಾಗೇ ಮೀಟಿದೆ. ಮೂರನೆಯ ದಿನ ಗಿಟಾರನ್ನು ಚಾದರಿನಲ್ಲಿ ಸುತ್ತಿ ಮೂಲೆಗಿಟ್ಟೆ. ನಾಲ್ಕನೆಯ ದಿನ ಬಾಗಿಲು ಬಡಿದ ಸದ್ದು.

ಖಾಜಾಬಿ. ಈ ಸಲ ಡಬ್ಬಿ ಇರಲಿಲ್ಲ.

"ಯಾಕ್ರಿ ಬಾಯಾರ, ಗಿರಣಿ ಬಂದ್ ಮಾಡೀರಿ? ಆರಾಮ್ ಅದೀರಿಲ್ಲೋ?"

"ನಿಮಗ ತ್ರಾಸ ಆಗ್ತದಂತ..."

"ಎಂಥಾ ತ್ರಾಸರಿ? ಹೆಣ್ಣ್ಮಕ್ಕಳು ಲಗ್ನಾಗಿ ಹೋದಮ್ಯಾಲ ನಮ್ಮ ಮನ್ಯಾಗ ಸಪ್ಪಳಂದ್ರ ನನ್ನ ಕೆಮ್ಮು ಒಂದೇ. ಕೌದಿ ಹೊಲಿಯಾಕ ಕುಂತ್ರ ಈ ಕಡಿಂದ ಗುಂಯ್ ಅಂತಿತ್ತು, ಮಗ್ಗಲ್ದಾಗ ಯಾರೋ ಅದಾರ ಅನಸ್ತಿತ್ತು. ನಾಕ ದಿನ ಆತು, ಸೂಜಿ ಹಿಡಿಯಾಕ ಮನಸಿಲ್ಲ."

ಸೆರಗು ಸಿಕ್ಕಿಸಿ ಅಲಮಾರಿಗೆ ಕೈ ಹಚ್ಚಿಯೇಬಿಟ್ಟರು. ಇಬ್ಬರೂ ದಬ್ಬಿ ಅದನ್ನು ಗೋಡೆಗೆ ಸೇರಿಸಿದೆವು. ನಾನು ಮತ್ತೆ ಕುರ್ಚಿ ಎಳೆದೆ. "ಇಲ್ಲೇ ಕುಂತು ಕೇಳ್ರಿ ಖಾಲಾ."

"ಇಲ್ರಿ. ನಮ್ಮ ಕಡಿಂದ ಭಾಳ್ ಚೊಲೊ ಕೇಳಸ್ತದ. ಹಂಗ ಇಲ್ಲಿ ಕೇಳಸೂದಿಲ್ಲ," ಎಂದು ಅವಸರದಿಂದ ಹೋದರು.

ನನ್ನ ಗಿಟಾರಿನ ಅಸಲಿ ದನಿ ಗೋಡೆಯ ಆ ಕಡೆ ಇದೆಯಂತೆ. ನಾನು ಅದನ್ನು ಇನ್ನೂ ಕೇಳಿಲ್ಲ. ಹೋಗಿ ಕೇಳಬಹುದಿತ್ತು, ಆದರೆ ಆಗ ನನ್ನ ಮನೆಯಲ್ಲಿ ಕೂತು ನುಡಿಸುವವರು ಯಾರಿದ್ದಾರೆ?